ಹನ್ನೆರಡನೇ ಸಾಲಿಗೆ ಹಾಕಿದ ಟವೆಲ್

ನಾನು ವಿಮಾನದಲ್ಲಿ ಒಂದು ಸಲವೂ ಕೂತವಳಲ್ಲ. ಆದರೂ ಹಿಂದೂಪುರ, ಕಲ್ಯಾಣದುರ್ಗಗಳಿಂದ ಹೋಗಿ ವಿಮಾನ ಹತ್ತಿದ ಅದೆಷ್ಟೋ ಜನರಿಗೆ ಕಿಟಕಿ ಪಕ್ಕ ಕೊಡಬೇಕೋ ಕಕ್ಕಸಿನ ಪಕ್ಕ ಕೊಡಬೇಕೋ ಎಂದು ತೀರ್ಮಾನ ಮಾಡಿದವಳು ನಾನೇ. ಈಗ ಆ ಕುರ್ಚಿ ಬಿಟ್ಟು ಮನೆಯಲ್ಲಿದ್ದೇನೆ. ನಮ್ಮ ಹಳೆಯ ಟ್ರಾವೆಲ್ಸ್ ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಬಂದು, "ಲಲಿತಕ್ಕ, ಆವಾಗೆಲ್ಲ ಹೆಂಗೆ ಮಾಡ್ತಿದ್ರಿ, ಒಂಚೂರು ಬರ್ದುಕೊಡಿ" ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಎಲ್ಲಿ ಒತ್ತಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಸಂಬಳ ಯಾವಾಗ ಏರಿತು, ನನ್ನ ಮೇಜಿನ ಮೇಲೆ ಮ್ಯಾನೇಜರ್ ಎಂಬ ಹಲಗೆ ಯಾವಾಗ ಬಂತು ಎಂಬುದು ಯಾರಿಗೂ ಬೇಡ. ಕೌಂಟರಿನ ಆಚೆ ನಿಂತವರ ವಿಷಯ ಒಂದಿಷ್ಟು ಹೇಳಬಲ್ಲೆ.

ನಾನು ಸೇರಿದಾಗ ಅದು ಬಸ್ ಟಿಕೆಟಿನ ಅಂಗಡಿ. ಆಂಧ್ರದ ಗಡಿಯ ಹಿಂದೂಪುರದ ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಬಾಗಿಲು, ಒಂದು ಫ್ಯಾನು, ತೆಲುಗು ಮನೆಮಾತಿನ ಮಾಲೀಕರಾದ ಗೋವಿಂದ ಶೆಟ್ಟರು, ನಾನು. ಬಸ್ಸಿನ ಸೀಟು ಹಂಚುವುದಕ್ಕೆ ನನ್ನದೇ ಕಾನೂನುಗಳಿದ್ದವು. ಹೆಂಗಸಿನ ಪಕ್ಕ ಹೆಂಗಸು. ವಾಂತಿ ಮಾಡಿಕೊಳ್ಳುವವರಿಗೆ ಕಿಟಕಿ. ಹೊಸದಾಗಿ ಮದುವೆಯಾದವರಿಗೆ ಹಿಂದಿನ ಸಾಲು, ಕೇಳದಿದ್ದರೂ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಡಿಮೆ ದರದ ವಿಮಾನಗಳು ಬಂದವು, ಶೆಟ್ಟರು ಕಂಪ್ಯೂಟರ್ ತಂದರು, ಈ ಕಾನೂನುಗಳನ್ನೇ ನಾನು ಆಕಾಶಕ್ಕೂ ಹಾಕಿದೆ.

ಟಿಕೆಟ್ ಕೊಳ್ಳಬೇಕೆಂದರೆ ಕ್ರೆಡಿಟ್ ಕಾರ್ಡು ಬೇಕು. ಇಡೀ ಆಫೀಸಿಗೆ ಇದ್ದದ್ದು ಒಂದೇ, ಶೆಟ್ಟರದು. ಅದನ್ನು ಅವರು ದೇವರ ಪಟದ ಮುಂದೆ ಹಿತ್ತಾಳೆ ಭರಣಿಯಲ್ಲಿ ಇಟ್ಟಿರುತ್ತಿದ್ದರು. ಆಯುಧ ಪೂಜೆಯ ದಿನ ಕಂಪ್ಯೂಟರಿಗೆ ಹೂವಿನ ಹಾರ, ಮೌಸಿಗೆ ಗಂಧ, ಕಾರ್ಡಿಗೆ ಅರಿಶಿನ ಕುಂಕುಮ ಎಲ್ಲ ಆಯಿತು. ಬಸ್ಸಿನ ಚಕ್ರಕ್ಕೆ ಇಡುವ ಹಾಗೆ ಕಂಪ್ಯೂಟರಿನ ಮುಂದೆಯೂ ನಿಂಬೆಹಣ್ಣು ಇಟ್ಟರು. ಇಟ್ಟ ಮೇಲೆ, ಯಾವ ಚಕ್ರ ಹತ್ತಿಸಿ ಅದನ್ನು ಜಜ್ಜಬೇಕು ಎಂಬ ಪ್ರಶ್ನೆ ಎದ್ದಿತು. ಶೆಟ್ಟರು ಬಹಳ ಹೊತ್ತು ಯೋಚಿಸಿ, "ನೀ ಕುರ್ಚೀಕಿ ಚಕ್ರಾಲು ಉನ್ನಾಯಿ ಕದಮ್ಮಾ", ನಿನ್ನ ಕುರ್ಚಿಗೆ ಚಕ್ರಗಳಿವೆಯಲ್ಲ ಎಂದರು. ನಾನು ಕೂರುತ್ತಿದ್ದ ಆಫೀಸಿನ ಉರುಳು ಕುರ್ಚಿಯನ್ನು ಹಣ್ಣಿನ ಮೇಲೆ ಹತ್ತಿಸಿ ನಾನೇ ಜಜ್ಜಿದೆ. ಆ ವರ್ಷ ಕಂಪ್ಯೂಟರ್ ಕೆಡಲಿಲ್ಲ, ಕುರ್ಚಿ ಮುರಿಯಿತು.

ಕಾರ್ಡಿನಲ್ಲಿ ಕಟ್ಟಿದ್ದಕ್ಕೆ ವಿಮಾನದವರು ತಲೆಗೆ ಇಷ್ಟೆಂದು ಬೇರೆ ಫೀಸು ಹಾಕುತ್ತಿದ್ದರು. ಅದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ರೊದ್ದಂ ಕಡೆಯ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಗರಿಗರಿ ನೋಟು ಮೇಜಿನ ಮೇಲಿಟ್ಟು, "ನಾನು ಕೊಡ್ತಿರೋದು ನೋಟು. ಕಾರ್ಡು ನಿಮ್ದು. ಫೀಸು ನಂಗ್ಯಾಕಮ್ಮ?" ಎಂದು ಕೇಳಿದರು. ಅವತ್ತು ಏನೋ ಹೇಳಿ ಸಾಗಹಾಕಿದೆ. ಇವತ್ತಿಗೂ ಅದಕ್ಕೆ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ನಿಮ್ಮನ್ನು ಯಾರಾದರೂ ಕೇಳಿದರೆ ತಕ್ಷಣ ನೀರು ಬೇಕಾ ಎಂದು ವಿಚಾರಿಸಿ.

ಇನ್ನೊಂದು ತೊಡಕಿತ್ತು. ಯಾವ ಕಾರ್ಡಿನಲ್ಲಿ ಟಿಕೆಟ್ ಕೊಂಡಿದೆಯೋ ಅದೇ ಕಾರ್ಡನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ತೋರಿಸಿ ಎಂದು ಆಗ ಕೇಳುತ್ತಿದ್ದರು. ಪ್ರಯಾಣಿಕರ ಕೈಗೆ ಕಾರ್ಡು ಕೊಟ್ಟು ಕಳಿಸಲು ಶೆಟ್ಟರಿಗೆ ಧೈರ್ಯವಿಲ್ಲ. ತಾವೇ ಹೋಗಲು ಸೊಂಟ ನೋವು. ಹಾಗಾಗಿ ಕಾರ್ಡನ್ನು ನನ್ನ ಕೈಚೀಲದ ಒಳಜೇಬಿಗೆ ಹಾಕಿ, ಪಿನ್ನು ಚುಚ್ಚಿ, ಪ್ರಯಾಣಿಕರ ಜೊತೆ ನನ್ನನ್ನು ಬೆಂಗಳೂರಿಗೆ ಕಳಿಸುತ್ತಿದ್ದರು. ಅವರು ದಿಲ್ಲಿಗೋ ಬೊಂಬಾಯಿಗೋ ಹಾರುತ್ತಿದ್ದರು. ನಾನು ಬಸ್ಸು ಹತ್ತಿ ಹಿಂದೂಪುರಕ್ಕೆ ಬರುತ್ತಿದ್ದೆ.

ಶುರುವಿನಲ್ಲಿ ಕೆಲವು ವಿಮಾನಗಳಲ್ಲಿ ಸೀಟಿಗೆ ನಂಬರೇ ಇರಲಿಲ್ಲ. ಮೊದಲು ಹತ್ತಿದವರು ಬೇಕಾದ ಕಡೆ ಕೂರಬಹುದಿತ್ತು. ಈ ವಿದ್ಯೆಯಲ್ಲಿ ನಮ್ಮ ಕಡೆಯವರನ್ನು ಮೀರಿಸಲು ಯಾರಿಂದಲೂ ಆಗಲಿಲ್ಲ. ಬಾಗಿಲು ತೆಗೆದ ಕೂಡಲೇ ಪಂಚೆ ಎತ್ತಿಕಟ್ಟಿ ಓಡುತ್ತಿದ್ದರು. ಆಮೇಲೆ ಕಂಪನಿಗಳಿಗೆ ಬುದ್ಧಿ ಬಂತು. ನಂಬರು ಹಾಕಿದರು. ಬೇಕಾದ ಸೀಟು ಆರಿಸಿಕೊಳ್ಳಬೇಕಾದರೆ ದುಡ್ಡು ಕೊಡಿ ಎಂದರು. ಟಿಕೆಟ್ಟಿಗೆ ದುಡ್ಡು ಕೊಟ್ಟ ಮೇಲೆ ಕೂರುವುದಕ್ಕೂ ದುಡ್ಡೇ ಎಂದು ಜನ ನನ್ನ ಮೇಲೆ ಎಗರಾಡಿದರು.

ಆಗ ನನಗೆ ಹೊಳೆದದ್ದು ಟವೆಲ್. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಬಿದ್ದ ಸೀಟು ಅವರದು. ಎಷ್ಟೇ ರಶ್ಶಿರಲಿ, ಇನ್ನೊಬ್ಬರ ಟವೆಲ್ ಎತ್ತಿಟ್ಟು ಕೂತವರನ್ನು ನಾನು ನೋಡಿಲ್ಲ. "ನೋಡಿ, ವಿಮಾನದ ಕಿಟಕಿ ತೆಗೆಯೋಕೆ ಬರಲ್ಲ. ಅದಕ್ಕೆ ನಿಮ್ಮ ಪರವಾಗಿ ನಾನು ಇಲ್ಲಿಂದಲೇ ಟವೆಲ್ ಹಾಕ್ತೀನಿ, ಅದರ ಚಾರ್ಜು ಇದು" ಎಂದು ಹೇಳಲು ಶುರುಮಾಡಿದೆ. ಎಲ್ಲರಿಗೂ ಒಂದೇ ಮಾತಿಗೆ ಅರ್ಥವಾಯಿತು. ಕೊನೆಗೆ ಶೆಟ್ಟರೇ ಸಾಯಂಕಾಲ ಲೆಕ್ಕ ನೋಡುವಾಗ, "ಟವಲ್ ಚಾರ್ಜಿ ಏಸ್ನಾವಾಮ್ಮಾ?", ಚಾರ್ಜು ಹಾಕಿದೆಯಾ ಎಂದು ಕೇಳುವಷ್ಟು ಆ ಹೆಸರು ಊರಿಗೆ ಹಿಡಿಸಿತು.

ವ್ಯಾಪಾರ ಕೈಗೆ ಹತ್ತಿತೆಂದು ಶೆಟ್ಟರು ಕಲ್ಯಾಣದುರ್ಗದಲ್ಲಿ ಬ್ರಾಂಚು ತೆರೆದರು. ಬ್ರಾಂಚೆಂದರೆ ಬಜಾರಿನ ನೆಟ್ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಮೇಜು. ವಾರಕ್ಕೆರಡು ದಿನ ನಾನು ಹೋಗಿ ಕೂರಬೇಕು. ಅಲ್ಲಿನ ಇಂಟರ್ನೆಟ್ ಎಷ್ಟು ನಿಧಾನವೆಂದರೆ ವಿಮಾನದ ಸೀಟುಗಳ ಚಿತ್ರ ಮೂತಿಯಿಂದ ಶುರುವಾಗಿ ಒಂದೊಂದೇ ಸಾಲು ಇಳಿಯುತ್ತಿತ್ತು. ಬಾಲ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹಾಗಾಗಿ ಕಲ್ಯಾಣದುರ್ಗದವರು ಬಹುಪಾಲು ಮುಂದಿನ ಸಾಲುಗಳಲ್ಲೇ ಹಾರಾಡಿದ್ದಾರೆ.

ಬಸಮ್ಮನ ಕಥೆ ನಡೆದದ್ದು ಅಲ್ಲೇ. ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದು ನಮಗೆಲ್ಲ ಹತ್ತಿರವಾದ ಮೇಲಿನ ಮಾತು.

ಬಸಮ್ಮ ಕಲ್ಯಾಣದುರ್ಗದ ಬಜಾರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಅಜ್ಜಿ. ಹಣೆತುಂಬ ವಿಭೂತಿ, ಎಪ್ಪತ್ತು ದಾಟಿದ್ದರೂ ಬಿರುಸು ನಡಿಗೆ. ಗಂಡ ಇದ್ದಾಗ ಒಂದೇ ಆಗಿದ್ದ ಅಂಗಡಿಗೆ ನಡುವೆ ಗೋಡೆ ಎದ್ದು, ಒಂದು ಕಡೆ ದೊಡ್ಡ ಮಗ ಮಲ್ಲಣ್ಣ ಹಿಂಡಿ ಬೂಸ ಮಾರುತ್ತಿದ್ದ, ಇನ್ನೊಂದು ಕಡೆ ಚಿಕ್ಕವನು ಶಿವಣ್ಣ ಕಡ್ಲೆಕಾಯಿ ಎಣ್ಣೆ ಮಾರುತ್ತಿದ್ದ. ಪಾಲಾಗುವಾಗ ಅಪ್ಪನ ತಕ್ಕಡಿ ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದು, ತಕ್ಕಡಿ ಬಸಮ್ಮನ ಅಟ್ಟ ಸೇರಿತು, ಅಣ್ಣತಮ್ಮಂದಿರ ಮಾತು ನಿಂತಿತು. ನಿಂತಿತು ಎಂದರೆ ನೇರ ಮಾತು ನಿಂತಿತು. ಮಿಕ್ಕದ್ದು ಬಸಮ್ಮನ ಮೂಲಕ ನಡೆಯುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ. ಜಗಲಿಯ ಮೇಲೆ ಮಾರು ದೂರದಲ್ಲಿ ಇಬ್ಬರೂ ನಿಂತಿದ್ದಾರೆ. ಮಲ್ಲಣ್ಣ, "ಅವ್ವ, ಲಾರಿ ನನ್ನ ಬಾಗ್ಲಿಗೆ ಅಡ್ಡ ನಿಲ್ಸಬೇಡ ಅಂತ ಅವ್ನಿಗೆ ಹೇಳು" ಎನ್ನುತ್ತಾನೆ. ಬಸಮ್ಮ ಶಿವಣ್ಣನ ಕಡೆ ತಿರುಗಿ, "ಲಾರಿ ಅಡ್ಡ ನಿಲ್ಸಬೇಡ್ವಂತೆ" ಎನ್ನುತ್ತಾಳೆ. ಶಿವಣ್ಣ, "ಲಾರಿ ನಂದಲ್ಲ ಅಂತ ಹೇಳವ್ವ." ಬಸಮ್ಮ ಈ ಕಡೆ ತಿರುಗಿ, "ಅವಂದಲ್ವಂತೆ."

ಕಾಶಿಗೆ ಹೋಗಬೇಕೆಂದು ಬಸಮ್ಮ ಹಟ ಹಿಡಿದಳು. ಹೋದರೆ ಇಬ್ಬರು ಮಕ್ಕಳ ಜೊತೆ, ಇಲ್ಲವಾದರೆ ಇಲ್ಲ. ರೈಲಿನಲ್ಲಿ ಎರಡು ದಿನ ತಮ್ಮನ ಮುಖ ನೋಡಲಾರೆ ಎಂದು ಮಲ್ಲಣ್ಣ, ಅಣ್ಣನ ಗೊರಕೆ ಕೇಳಲಾರೆ ಎಂದು ಶಿವಣ್ಣ. ಹಾಗಾಗಿ ದಿಲ್ಲಿವರೆಗೆ ವಿಮಾನ, ಅಲ್ಲಿಂದ ರೈಲು ಎಂದಾಯಿತು.

ಮೊದಲು ನನ್ನ ಮೇಜಿನ ಹತ್ತಿರ ಬಂದವನು ಮಲ್ಲಣ್ಣ. "ಅಕ್ಕ, ನಂಗೆ ಮುಂದ್ಗಡೆ ಸೀಟು ಹಾಕಿ. ಅವ್ನು ನನ್ನ ಕಣ್ಣಿಗೆ ಬೀಳಬಾರ್ದು. ಬಿದ್ದ ಅಂದ್ರೆ ನಾನು ಇಳ್ಕೊಂಡು ಬಂದ್ಬುಡ್ತೀನಿ" ಎಂದ.

"ವಿಮಾನದಿಂದಲಾ ಮಲ್ಲಣ್ಣ?"

"ಎಲ್ಲಿಂದಾದ್ರೂ ಸರಿ ಕಣಕ್ಕ" ಎಂದು ಟವೆಲ್ ಚಾರ್ಜು ಇಟ್ಟು ಹೋದ.

ಅವನು ಹೋದದ್ದನ್ನು ನೋಡಿಕೊಂಡೇ ಶಿವಣ್ಣ ಬಂದ. "ಅವ್ನು ಎಲ್ಲಿ ಕೇಳ್ದ?"

"ಮುಂದೆ."

"ಹಂಗಾರೆ ನಂಗೆ ಹಿಂದೆ ಹಾಕಕ್ಕ. ಎಷ್ಟು ಹಿಂದೆ ಅಂದ್ರೆ, ಅದ್ರಿಂದ ಹಿಂದ್ಕೆ ಸೀಟೇ ಇರಬಾರ್ದು" ಎಂದು ಅವನೂ ಚಾರ್ಜು ಇಟ್ಟ.

ಸ್ವಲ್ಪ ಹೊತ್ತಿಗೆ ತರಕಾರಿ ಚೀಲ ಹಿಡಿದು ಬಸಮ್ಮ ಬಂದಳು. ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ಮೂವರಿಗೂ ಒಂದೇ ಸಾಲು ಬೇಕು ಎಂದಳು.

"ನಿಮಗೆ ಮಧ್ಯದ್ದು ಹಾಕಲಾ ಅಜ್ಜಿ? ಆ ಕಡೆಗೊಬ್ಬರು, ಈ ಕಡೆಗೊಬ್ಬರು?"

"ಮಧ್ಯ ಬ್ಯಾಡ ಕಣಮ್ಮ. ಮಧ್ಯ ಕೂತೂ ಕೂತೂ ಸಾಕಾಗೈತೆ. ನಂಗೆ ಕಿಟಕಿ ಹಾಕು. ಅವ್ರಿಬ್ರನ್ನೂ ಒತ್ತೊತ್ತಿಗೆ ಕೂರ್ಸು." ಆಮೇಲೆ ದನಿ ತಗ್ಗಿಸಿದಳು. "ಕಾಶಿ ಒಂದು ನೆಪ. ಇವ್ರಿಬ್ರೂ ಮಾತಾಡೋದು ಕೇಳ್ಬೇಕು ನಾನು. ನಾಳೆ ನಾನು ಹೋದ್ಮೇಲೆ ಇವ್ನ ಮಾತು ಅವ್ನಿಗೆ ದಾಟಿಸೋರು ಯಾರಮ್ಮ? ಒಬ್ರಿಗೊಬ್ರು ಇಲ್ದಂಗೇ ಆಗೋಯ್ತಾರೆ."

ಅವಳು ಹೇಳಿದ ಹಾಗೇ ಒತ್ತೋಣವೆಂದು ಮೌಸ್ ಹಿಡಿದೆ. ಆದರೆ ಒಂದೇ ಸಾಲಿಗೆ ಹಾಕಿದರೆ ಮಕ್ಕಳಿಬ್ಬರೂ ಬರುವುದಿಲ್ಲ, ಬರದಿದ್ದರೆ ಅಜ್ಜಿಯೂ ಹೊರಡುವುದಿಲ್ಲ. ಹೊರಡುವುದಾದರೂ ಆಗಲಿ ಎಂದು, ಅವತ್ತು ಬಾಲ ಬರುವತನಕ ಕರೆಂಟಿದ್ದದ್ದರಿಂದ, ಮಲ್ಲಣ್ಣನಿಗೆ ಮೊದಲ ಸಾಲು, ಶಿವಣ್ಣನಿಗೆ ಕೊನೆಯ ಸಾಲು, ಬಸಮ್ಮನಿಗೆ ಹನ್ನೆರಡನೇ ಸಾಲಿನ ಕಿಟಕಿ ಒತ್ತಿದೆ. ಮೂವರಿಂದಲೂ ಚಾರ್ಜು ತೆಗೆದುಕೊಂಡಿದ್ದೆ, ಅದು ಬೇರೆ ಮಾತು.

"ಒಟ್ಟಿಗೆ ಸಿಗಲಿಲ್ಲ ಅಜ್ಜಿ, ವಿಮಾನ ತುಂಬಿದೆ" ಎಂದೆ.

ಬಸಮ್ಮ ಕಂಪ್ಯೂಟರಿನೊಳಕ್ಕೆ ಬಗ್ಗಿ ನೋಡಿದಳು. "ಬೆಳ್ಳಗೆ ಖಾಲಿ ಇಷ್ಟೊಂದು ಕಾಣ್ತಾವಲ್ಲ, ಇವೇನು?"

"ಅವು ಕೆಟ್ಟಿರೋ ಸೀಟು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ. "ಆಗ್ಲಿ ಬಿಡು" ಎಂದು ಎದ್ದವಳು ನಿಂತು ಕೇಳಿದಳು, "ಒಳ್ಗೆ ಮೊದ್ಲು ಯಾರನ್ನ ಬಿಡ್ತಾರೆ?"

"ನಡೆಯೋಕಾಗದವರನ್ನ. ಗಾಲಿ ಕುರ್ಚಿಯಲ್ಲಿ ಕರ್ಕೊಂಡು ಹೋಗಿ ಕೂರಿಸಿ, ಆಮೇಲೆ ಮಿಕ್ಕವರು."

"ನಂಗೂ ಒಂದು ಕುರ್ಚಿ ಹೇಳು."

"ಯಾಕಜ್ಜಿ, ಮೊಣಕಾಲು ನೋವಾ?"

"ಇವತ್ತಿಲ್ಲ" ಎಂದಳು ಬಸಮ್ಮ. "ಅವತ್ತಿಗೆ ಬತ್ತದೆ."

ಹೊರಡುವ ದಿನ ನಾನು ಕಾರ್ಡಿನ ಸಮೇತ ಚಿಲಮತ್ತೂರಿಗೆ ಬಂದು ಹೈವೇಯಲ್ಲಿ ಕಾದೆ. ಒಂದರ ಹಿಂದೆ ಒಂದು ಎರಡು ಸುಮೋ ಬಂದವು. ಅರ್ಧ ದಾರಿ ಒಬ್ಬ ಮಗನ ಗಾಡಿಯಲ್ಲಿ ಕೂತು, ಪೆನುಕೊಂಡದ ಹತ್ತಿರ ಇಳಿದು ಇನ್ನೊಬ್ಬನ ಗಾಡಿ ಹತ್ತಿದ್ದಳಂತೆ ಬಸಮ್ಮ. ಗಾಡಿ ಬದಲಿಸುವಾಗ ನೆಗೆದು ಇಳಿದವಳು ದೇವನಹಳ್ಳಿಯ ಗೇಟಿನ ಹತ್ತಿರ ಬಂದ ಕೂಡಲೇ "ಅಯ್ಯಪ್ಪಾ ಮೊಣಕಾಲು" ಎಂದು ಕೂತುಬಿಟ್ಟಳು. ಗಾಬರಿಯಿಂದ ಇಬ್ಬರು ಮಕ್ಕಳೂ ಒಂದೊಂದು ತೋಳು ಹಿಡಿದರು, ಒಬ್ಬರನ್ನೊಬ್ಬರು ನೋಡದೆ.

ನೋಡಲು ಬಂದವರ ಚೀಟಿ ಕೊಂಡು ನಾನೂ ಒಳಗೆ ಹೋದೆ. ಕೌಂಟರಿನ ಹುಡುಗಿ ಕಾರ್ಡು ಕೇಳಿದಳು. ಕೊಟ್ಟೆ. ಆಯುಧ ಪೂಜೆಯಿಂದ ಹಿಡಿದು ವಾರ ವಾರದ ಶುಕ್ರವಾರದ ಕುಂಕುಮವೆಲ್ಲ ಅದರ ಮೇಲೆ ಪದರುಪದರಾಗಿ ಒಣಗಿ ನಂಬರೇ ಕಾಣುತ್ತಿರಲಿಲ್ಲ. ಅವಳು ಉಗುರಿನಿಂದ ಕೆರೆಯತೊಡಗಿದಳು. ಕುಂಕುಮ ಅಳಿಸಿದರೆ ಶೆಟ್ಟರು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ನಾನು ತಡೆದೆ. ಕೊನೆಗೆ ಇಬ್ಬರೂ ಸೇರಿ, ಕೊನೆಯ ನಾಲ್ಕು ಅಂಕಿಗಳ ಮೇಲಿನದನ್ನಷ್ಟೇ ಒದ್ದೆ ಕರ್ಚೀಫಿನಲ್ಲಿ ಒರೆಸಿ, ನೋಡಿದ ಮೇಲೆ ಉದುರಿದ್ದನ್ನು ಮತ್ತೆ ಅಂಟಿಸಿದೆವು. ಅವಳು ತನ್ನ ಬೆರಳಿಗೆ ಮೆತ್ತಿದ್ದನ್ನು ಹಣೆಗೆ ಇಟ್ಟುಕೊಂಡಳು, ಪಾಪ.

ಗಾಲಿ ಕುರ್ಚಿ ತಳ್ಳಿಕೊಂಡು ಹೋಗುವಾಗ ನೋಡುತ್ತೇನೆ, ಬಸಮ್ಮನ ತೊಡೆಯ ಮೇಲೆ ಮಡಿಸಿದ ಎರಡು ಟವೆಲ್. ಗಂಗೆಯ ಸ್ನಾನಕ್ಕೆಂದು ತಿಳಿದುಕೊಂಡೆ. ವಾಪಸು ಬಸ್ಸಿನಲ್ಲಿ ಬರುವಾಗ ನನಗೆ ಅವಳ ಮುಖ ನೆನೆದು ಸಂಕಟವಾಯಿತು. ಅಷ್ಟು ಆಸೆಯಿಂದ ಕೇಳಿದ್ದಳು. ಆ ಮೂರು ಸೀಟಿನ ಸಾಲಿನಲ್ಲಿ ಯಾರೋ ಅಪರಿಚಿತರ ಪಕ್ಕ ಒಬ್ಬಳೇ ಕೂತು ದಿಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ.

ಒಳಗೆ ನಡೆದದ್ದನ್ನು ಎಷ್ಟೋ ದಿನದ ಮೇಲೆ ಶಿವಣ್ಣ ನನ್ನ ಮೇಜಿಗೆ ಬಂದು ಹೇಳಿದ. ಬಸಮ್ಮ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕಿಟಕಿ ಪಕ್ಕ ಕೂತವಳೇ, ಪಕ್ಕದ ಎರಡು ಸೀಟಿಗೂ ಒಂದೊಂದು ಟವೆಲ್ ಹಾಸಿದಳಂತೆ. ಮಧ್ಯದ ಸೀಟಿನ ಹುಡುಗ ಬಂದ. ಅವನಿಗೆ ತೆಲುಗು ಬರುತ್ತಿತ್ತು. "ಮಾ ಪೆದ್ದೋಡು ವಸ್ತಾಡು ನಾಯನಾ", ಇಲ್ಲಿಗೆ ನಮ್ಮ ದೊಡ್ಡವನು ಬರ್ತಾನಪ್ಪ ಎಂದು, ದೊಡ್ಡ ಮಗನ ಸೀಟು ಮುಂದಿದೆ ನೋಡು, ಕಾಲು ಚಾಚಿಕೊಂಡು ಹೋಗು ಎಂದು ಕೈ ತೋರಿಸಿದಳು. ಅವನು ಖುಷಿಯಾಗಿ ಹೋಗಿ ಮಲ್ಲಣ್ಣನನ್ನು ಎಬ್ಬಿಸಿ ಕಳಿಸಿದ. ಅವ್ವನಿಗೆ ಮೊಣಕಾಲು ಜಾಸ್ತಿಯಾಗಿರಬೇಕೆಂದು ಮಲ್ಲಣ್ಣ ಓಡಿಬಂದು ಪಕ್ಕದಲ್ಲಿ ಕೂತ.

ಆ ಸಾಲಿನ ಮೂರನೇ ಸೀಟಿನವರು ಕನ್ನಡಕದ ದೊಡ್ಡ ಮನುಷ್ಯರು. ಇದು ತಾವು ದುಡ್ಡು ಕೊಟ್ಟು ಆರಿಸಿಕೊಂಡ ಸೀಟು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗಗನಸಖಿ ಬಂದು ಟವೆಲ್ ಎತ್ತಿದಳು. ಬಸಮ್ಮ ಮತ್ತೆ ಹಾಸಿದಳು. ಅವಳು ಎತ್ತುವುದು, ಇವಳು ಹಾಸುವುದು. "ಟವಲ್ ಐತೆ ಕಣಮ್ಮ, ಕಾಣಾಕಿಲ್ವಾ?" ಎಂದು ಬಸಮ್ಮ ಕೇಳಿದ್ದು ಆ ಹುಡುಗಿಗೆ ಅರ್ಥವಾಗಲಿಲ್ಲ. ಹಿಂದೆ ಜನ ನಿಂತುಬಿಟ್ಟರು. ಕೊನೆಗೆ ಆ ದೊಡ್ಡ ಮನುಷ್ಯರೇ ಸೋತು, ಹಿಂದೆ ಹೋಗಿ ಶಿವಣ್ಣನನ್ನು ಎಬ್ಬಿಸಿ, ಅವನ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡರು.

ಶಿವಣ್ಣ ಬಂದು ನೋಡಿದರೆ ಅಣ್ಣ ಕೂತಿದ್ದಾನೆ. ವಾಪಸು ತಿರುಗಿದ. ಅವನ ಸೀಟು ಹೋಗಿಯಾಗಿತ್ತು. ವಿಮಾನ ಅಲುಗಾಡಿತು. ಗಗನಸಖಿ ಕೂರಲು ಸನ್ನೆ ಮಾಡಿ ಭುಜ ಒತ್ತಿದಳು. ಕೂತ.

ಇನ್ನು ಬೆಲ್ಟು. ಮಲ್ಲಣ್ಣ ಕೈಗೆ ಸಿಕ್ಕ ಎರಡು ತುಂಡನ್ನು ಹಿಡಿದು ಸೇರಿಸಲು ನೋಡುತ್ತಾನೆ, ಸೇರುವುದಿಲ್ಲ. ಒಂದು ತುಂಡು ತನ್ನದು, ಇನ್ನೊಂದು ತಮ್ಮನದು. ಶಿವಣ್ಣನ ಕೈಯಲ್ಲಿ ಉಳಿದದ್ದು ಒಂದು ತುಂಡು ಮಾತ್ರ. ಗಗನಸಖಿ ಎದುರಿಗೆ ನಿಂತಿದ್ದಾಳೆ.

"ಅವ್ವ" ಎಂದ ಮಲ್ಲಣ್ಣ, "ಇದು ಹೆಂಗೆ ಹಾಕದು ಅಂತ ಅವ್ನನ್ನ ಕೇಳು."

ಬಸಮ್ಮ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ಅವ್ವ, ಅದು ನಂದು, ಬಿಡು ಅಂತ ಹೇಳು" ಎಂದ ಶಿವಣ್ಣ.

ಬಸಮ್ಮ ಗೊರಕೆ ಹೊಡೆದಳು.

"ಅವ್ವೋ" ಎಂದು ಇಬ್ಬರೂ ಒಟ್ಟಿಗೆ ಕರೆದರು. ಗೊರಕೆ ಜೋರಾಯಿತು. ಹಿಂದಿನ ಸಾಲಿನವರು ನಕ್ಕರು. ವಿಮಾನ ಮೆಲ್ಲಗೆ ಉರುಳತೊಡಗಿತು. ಸೇರದ ತುಂಡುಗಳನ್ನೇ ಮತ್ತೆ ಮತ್ತೆ ಒತ್ತುತ್ತಿದ್ದ ಮಲ್ಲಣ್ಣನ ಕೈಯನ್ನು ಶಿವಣ್ಣ ನೋಡಿದ. ಆ ಕೈ ತಕ್ಕಡಿ ಹಿಡಿದ ಅಪ್ಪನ ಕೈಯ ಹಾಗೇ ಇತ್ತು ಎಂದು ನನಗೆ ಹೇಳಿದ.

"ಕೈ ತೆಗಿ ಅಣ್ಣ" ಎಂದನಂತೆ. "ಇದು ನಿಂದು, ಇದು ನಂದು. ಹಿಂಗೆ." ಬಗ್ಗಿ ಅಣ್ಣನ ಬೆಲ್ಟು ಹಾಕಿ, ಆಮೇಲೆ ತನ್ನದು ಹಾಕಿಕೊಂಡ.

ಮಲ್ಲಣ್ಣ ಬೆಲ್ಟಿನೊಳಗೆ ಬೆರಳು ತೂರಿಸಿ ನೋಡಿ, "ಬಿಗಿ ಆಯ್ತು ಕಣ್ಲಾ, ಒಂಚೂರು ಸಡ್ಲ ಮಾಡು" ಎಂದ.

ಇಷ್ಟೆಲ್ಲ ನನಗೆ ಆಗ ಗೊತ್ತಿರಲಿಲ್ಲ. ವಾರ ಕಳೆದು ಕಾಶಿಯಿಂದ ಹಿಂದೂಪುರದ ಆಫೀಸಿಗೆ ಫೋನು ಬಂತು. ಬಸಮ್ಮನ ದನಿ. ಅದರ ಹಿಂದೆ ಇಬ್ಬರು ಗಂಡಸರು ಒಬ್ಬರ ಮಾತಿಗೆ ಒಬ್ಬರು ಬಿಡುವು ಕೊಡದೆ, ಛತ್ರದ ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಜಗಳವಾಡುತ್ತಿದ್ದರು. ನೇರವಾಗಿ, ನಡುವೆ ಯಾರೂ ಇಲ್ಲದೆ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಸುಮ್ಮನೆ ಕೇಳಿದೆ. ಕಣ್ಣಲ್ಲಿ ನೀರು ಬಂತು. ಎದುರಿಗಿದ್ದ ಶೆಟ್ಟರು, "ಏಮೈಂದಮ್ಮಾ, ಕಾರ್ಡು ಪೋಯಿಂದಾ?", ಏನಾಯಿತು, ಕಾರ್ಡು ಕಳೆದುಹೋಯಿತಾ ಎಂದು ಎದ್ದು ನಿಂತರು.

"ಲಲಿತಾ, ಬರೋ ಟಿಕೆಟ್ ಮಾಡಮ್ಮ" ಎಂದಳು ಬಸಮ್ಮ. "ಕೆಟ್ಟಿದ್ ಸೀಟೆಲ್ಲ ರಿಪೇರಿ ಆದ್ವಾ?"

"ಆದವು ಅಜ್ಜಿ."

"ಹಂಗಾರೆ ಇವ್ರಿಬ್ರನ್ನೂ ಒತ್ತೊತ್ತಿಗೆ ಹಾಕು. ನನ್ನ ಮಾತ್ರ ದೂರ ಹಾಕು ಕಣಮ್ಮ, ಕಿಟಕಿಗೆ. ದಿಲ್ಲಿ ಇಳ್ದಾಗಿಂದ ಇವ್ರು ಬಾಯೇ ಮುಚ್ಚಿಲ್ಲ. ನಂಗೆ ನಿದ್ದೆ ಬೇಕು."

ನಗು ತಡೆದುಕೊಂಡು ಸೀಟು ಹುಡುಕಿದೆ. ಶೆಟ್ಟರು ಎದುರಿಗೇ ಕಿವಿ ಕೊಟ್ಟು ನಿಂತಿದ್ದರಿಂದ, ಕೇಳಲೇಬೇಕಾದ ಮಾತು ಕೇಳಿದೆ. "ಕಿಟಕಿಗೆ ಟವೆಲ್ ಚಾರ್ಜು ಆಗುತ್ತೆ ಅಜ್ಜಿ."

"ಹೋಗೋವಾಗ ಕೊಟ್ಟಿದ್ನಲ್ಲ, ಅದ್ರಲ್ಲೇ ಹಾಕ್ಕೋ" ಎಂದಳು ಬಸಮ್ಮ. "ಅವತ್ತು ಟವಲ್ ಹಾಕಿದ್ದು ನೀನಲ್ಲ ಕಣಮ್ಮ, ನಾನು."